ಲವೀನಾಳ ಪಾಲಿನ ಚಳಿ

ದೆವ್ವ, ಮಾಟ, ದೃಷ್ಟಿ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಯಾರಾದರೂ ಅಂಥ ಮಾತು ತೆಗೆದರೆ ಅಪ್ಪ ನಕ್ಕು ಎದ್ದು ಹೋಗುತ್ತಿದ್ದರು. ನಾನು ಅವರ ಮಗಳೇ. "ನನಗೊಮ್ಮೆ ಹೀಗಾಯಿತು" ಎಂದು ಯಾರಾದರೂ ಶುರು ಮಾಡಿದರೆ, ಪಾಪ, ನಿದ್ದೆ ಕಡಿಮೆಯಾಗಿರಬೇಕು ಎಂದುಕೊಳ್ಳುತ್ತಿದ್ದೆ. ನೀವೂ ನನ್ನ ಬಗ್ಗೆ ಹಾಗೇ ಅಂದುಕೊಳ್ಳಿ, ಬೇಸರವಿಲ್ಲ. ಆದರೆ ಪೂರ್ತಿ ಕೇಳಿ.

ಆಗ ನಾನೂ ನನ್ನ ಗಂಡನೂ ದುಬೈಯ ಸತ್ವಾದಲ್ಲಿ ಒಂದು ಹಳೆಯ ವಿಲ್ಲಾದಲ್ಲಿದ್ದೆವು. ಕೋಣೆಗೊಂದು ಸಂಸಾರ, ಅಡುಗೆಮನೆ ಎಲ್ಲರಿಗೂ ಸೇರಿ ಒಂದೇ. ಪಕ್ಕದ ಕೋಣೆಯಲ್ಲಿ ಲವೀನಾ ಇದ್ದಳು. ಕಾರ್ಕಳದ ಕಡೆಯವಳು, ನಾನು ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದ ಕ್ಲಿನಿಕ್ಕಿನಲ್ಲೇ ನರ್ಸು. ಇಬ್ಬರದೂ ಒಂದೇ ಎತ್ತರ, ಒಂದೇ ಮೈಕಟ್ಟು. ಒಬ್ಬರ ಚೂಡಿದಾರ ಇನ್ನೊಬ್ಬರು ಹಾಕಿಕೊಂಡು ಓಡಾಡುತ್ತಿದ್ದೆವು. ಕೆನಡಾಕ್ಕೆ ಅರ್ಜಿಯನ್ನೂ ಜೊತೆಯಾಗಿಯೇ ಹಾಕಿದೆವು. ಅವಳಿಗೆ ಆಯಿತು. ನನಗೆ ಇಂಗ್ಲಿಷ್ ಪರೀಕ್ಷೆಯಲ್ಲಿ ಕೂದಲೆಳೆಯಷ್ಟು ಅಂಕ ಕಡಿಮೆ ಬಿದ್ದು ಆಗಲಿಲ್ಲ.

ಹೊಟ್ಟೆಕಿಚ್ಚು ಆಯಿತೇ ಎಂದರೆ, ಆಯಿತು. ಮುಚ್ಚಿಡುವುದೇನಿದೆ? ಅವಳು ಕ್ಲಿನಿಕ್ಕಿನಲ್ಲಿ ಕೇಕ್ ಹಂಚಿದಾಗ ನಾನೂ ಎರಡು ತುಂಡು ತಿಂದೆ. ಕೈ ಒರೆಸಿಕೊಂಡು ಕೌಂಟರಿಗೆ ಮರಳಿದೆ.

ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಚಳಿಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಕೆನಡಾದಲ್ಲಿದ್ದ ಅವಳ ದೊಡ್ಡಮ್ಮನ ಮಗಳು ಫೋನಿನಲ್ಲಿ ಪಾಠ ಹೇಳುತ್ತಿದ್ದಳು. ಮೈಗಂಟುವ ಥರ್ಮಲ್ ಮೊದಲು, ಮೇಲೆ ಸ್ವೆಟರ್, ಅದರ ಮೇಲೆ ಕೋಟು. ಕಾಲಿಗೆ ಒಂದರ ಮೇಲೊಂದು ಕಾಲುಚೀಲ, ಹಿಮಕ್ಕೆ ಬೇರೆ ಬೂಟು. ಕೆಲಸಕ್ಕೆ ಹೋಗುವಾಗ ಒಳಗೆ ಹಾಕಿಕೊಳ್ಳುವ ಷೂ ಚೀಲದಲ್ಲಿ. ಈ ಪಾಠವನ್ನೆಲ್ಲ ಲವೀನಾ ನಾನು ಚಪಾತಿ ಲಟ್ಟಿಸುವಾಗ ಪಕ್ಕದಲ್ಲಿ ನಿಂತು ಒಪ್ಪಿಸುತ್ತಿದ್ದಳು. ಹೊರಗೆ ಮೈ ಬೇಯುವ ಬಿಸಿಲು, ಇವಳು ಕಿವಿ ಮುಚ್ಚುವ ಟೋಪಿಯ ಬಣ್ಣ ಯಾವುದಿರಲಿ ಎಂದು ಕೇಳುತ್ತಾಳೆ! ಭಾರದ್ದನ್ನೆಲ್ಲ ಮೈಮೇಲೆ ಹಾಕಿಕೊಂಡೇ ವಿಮಾನ ಹತ್ತುವುದು ಅವಳ ಯೋಜನೆ. ಕೊಲ್ಲಿಯವರು ನಾವೆಲ್ಲ ಮಾಡುವುದೇ ಅದು. ಸೂಟ್‌ಕೇಸಿನ ತೂಕ ಕುಕ್ಕರಿಗೆ, ಮಸಾಲೆಗೆ, ಉಪ್ಪಿನಕಾಯಿಗೆ ಬೇಕಲ್ಲ.

ಕೋಟು ಸಿಕ್ಕಿದ್ದು ಅಬುಧಾಬಿಯ ಖಲೀಫಾ ಸಿಟಿಯ ಒಂದು ಮನೆಯಲ್ಲಿ. ಯಾವುದೋ ಚಳಿಯ ದೇಶದಲ್ಲಿದ್ದು ಬಂದವರು ಮಾರುತ್ತಿದ್ದರು. ಮೊಣಕಾಲಿನವರೆಗೆ ಬರುವ ಕಡುನೀಲಿ ಕೋಟು. ತೋಳು ಮಾತ್ರ ಉದ್ದವಾಗಿತ್ತು. ನಮ್ಮ ಬೀದಿಯ ದರ್ಜಿ ಅದನ್ನು ಒಳಕ್ಕೆ ಮಡಿಚಿ ಹೊಲಿಯಲು ಒಪ್ಪಿದ. ಅಳತೆ ಕೊಡುವ ದಿನ ಲವೀನಾಳಿಗೆ ಡ್ಯೂಟಿ. "ನೀನೇ ಹೋಗಿ ಕೈ ಕೊಟ್ಟು ಬಾ ಮಾರಾಯ್ತಿ, ನಿಂದೂ ನಂದೂ ಒಂದೇ ಅಲ್ವಾ?" ಎಂದಳು. ಹೋದೆ. ಕೈ ಚಾಚಿ ನಿಂತೆ. ಅವಳ ಕೆನಡಾದ ಕೋಟಿಗೆ ದರ್ಜಿ ನನ್ನ ಮಣಿಕಟ್ಟಿನ ಹತ್ತಿರ ಗುರುತು ಹಾಕಿದ.

ಹೊಲಿದು ಬಂದದ್ದು ಆಗಸ್ಟಿನ ಒಂದು ಶುಕ್ರವಾರ, ಮಧ್ಯಾಹ್ನ. ವಿಲ್ಲಾದ ಎಸಿ ಕೆಟ್ಟು, ಕಿಟಕಿ ತೆಗೆದರೂ ಸೆಕೆ, ಹಾಕಿದರೂ ಸೆಕೆ. ಇಷ್ಟು ಬಟ್ಟೆ ಸಾಕೋ ಇಲ್ಲವೋ ಎಂದು ದೊಡ್ಡಮ್ಮನ ಮಗಳಿಗೆ ಫೋಟೋ ಕಳಿಸಬೇಕಿತ್ತು. "ನೀನು ಹಾಕಿ ನಿಲ್ಲು, ನಾನು ತೆಗೀತೇನೆ. ಹಿಂದಿಂದಲೂ ನೋಡ್ಬೇಕಂತೆ ಅವಳಿಗೆ" ಎಂದಳು. ಬೆಂದೇ ಹೋಗುತ್ತೇನೆ ಎಂದುಕೊಂಡು ಥರ್ಮಲ್, ಸ್ವೆಟರ್ ಎಲ್ಲ ಏರಿಸಿದೆ. ಕೋಟು ತೊಟ್ಟು ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದೆ.

ಬೆರಳ ತುದಿಯಲ್ಲಿ ಶುರುವಾಯಿತು. ಅದು ಎಸಿಯ ತಂಪಲ್ಲ, ಧಾರವಾಡದ ಡಿಸೆಂಬರಿನ ಚಳಿಯೂ ಅಲ್ಲ. ಬೆರಳು ಮೊದಲು ಉರಿದವು, ಆಮೇಲೆ ಇವೆಯೋ ಇಲ್ಲವೋ ಎನ್ನುವಂತಾದವು. ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೆ. ಹಲ್ಲು ಕಟಕಟ ಎನ್ನತೊಡಗಿತು. "ಲವೀನಾ, ಭಾಳ ಥಂಡಿ ಆಗಾಕತ್ತೈತಿ ನನಗ" ಎಂದೆ. "ಎಂತ ನಾಟಕ ನಿಂದು! ನಂಗಿಲ್ಲಿ ಸೆಕೆಗೆ ಜೀವ ಹೋಗ್ತಾ ಉಂಟು" ಎಂದು ನಗುತ್ತಲೇ ಅವಳು ಫೋಟೋ ತೆಗೆದಳು. ಚಹಾ ಹಿಡಿದು ಬಂದ ನನ್ನ ಗಂಡ ನನ್ನ ಕೈ ಮುಟ್ಟಿ ಗಾಬರಿಯಾದರು. "ಇವು ಯಾಕ ಹಿಂಗ ಐಸ್ ಆಗ್ಯಾವು? ತೆಗಿ ಅದನ್ನ ಮೊದಲ!" ತೆಗೆದ ಕೋಟನ್ನು ಅಲ್ಲೇ ಲವೀನಾ ತೊಟ್ಟುಕೊಂಡಳು. ಅವಳಿಗೆ ಬೆವರು ಕಿತ್ತುಕೊಂಡು ಬಂತು, ಅಷ್ಟೇ.

ಹೆದರಿಕೆಯಾಗಬೇಕಿತ್ತು. ನನಗೆ ಆದದ್ದು ಖುಷಿ. ಕೋಟಿಗಾದರೂ ಗೊತ್ತಾಯಿತಲ್ಲ, ಹೋಗಬೇಕಾದವಳು ನಾನು ಎಂದು! ಇನ್ನೊಂದು ಸಲ ಅರ್ಜಿ ಹಾಕಿದರೆ ಆಗಿಯೇ ಆಗುತ್ತದೆ ಎಂದು ಅವತ್ತೇ ನಂಬಿದೆ. ಹಾಕಿದೆ. ಆಗಲಿಲ್ಲ. ಅಷ್ಟರಲ್ಲಿ ಲವೀನಾ ಆ ಕೋಟನ್ನು ತೊಟ್ಟು, ಬೆವರಿಳಿಸುತ್ತ, ನನ್ನನ್ನು ಅಪ್ಪಿಕೊಂಡು ವಿಮಾನ ಹತ್ತಿಯಾಗಿತ್ತು.

ಡಿಸೆಂಬರ್ ಬಂತು. ಒಂದು ಸಂಜೆ, ಮಗ್ರಿಬ್ ಬಾಂಗಿನ ಹೊತ್ತಿಗೆ, ಕೌಂಟರಿನಲ್ಲಿ ಕೂತಿದ್ದಾಗ ಅದೇ ಚಳಿ ಬೆರಳಿಗೆ ಬಂತು. ಬಸ್ಸಿಗೆ ಕಾಯುವಷ್ಟು ಹೊತ್ತು ಇದ್ದು ಹೋಯಿತು. ಮರುದಿನವೂ ಬಂತು. ನಮ್ಮ ಡಾಕ್ಟರು ರಕ್ತ ಪರೀಕ್ಷೆ, ಥೈರಾಯ್ಡ್ ಎಲ್ಲ ಮಾಡಿಸಿದರು, ಏನೂ ಇಲ್ಲ. ರೋಗಿಗಳ ಕಾರ್ಡು ಕೈಯಿಂದ ಜಾರಿ ಬೀಳುತ್ತಿತ್ತು. ಲವೀನಾ ಫೋನು ಮಾಡಿದಾಗ ವಿಷಯ ಹೇಳಲು ಹೊರಟೆ, ಅವಳೇ ಶುರು ಮಾಡಿದಳು. "ಇಲ್ಲಿ ಮೈನಸ್ ಮೂವತ್ತು ಅಂತೆ ಮಾರಾಯ್ತಿ. ಬೆಳಿಗ್ಗೆ ಬಸ್‌ಸ್ಟಾಪಲ್ಲಿ ಎಲ್ಲರೂ ನಡುಗ್ತಾರೆ, ನಂಗೆ ಮಾತ್ರ ಚಳಿಯೇ ಆಗುದಿಲ್ಲ. ಆ ಕೋಟು ಬಾರೀ ಒಳ್ಳೇದುಂಟು." ಅವಳ ಬೆಳಿಗ್ಗೆ ಎಂದರೆ ನಮಗೆ ಸಂಜೆ. ನನ್ನ ಬೆರಳಿನ ವಿಷಯ ಹೇಳದೆಯೇ ಫೋನು ಇಟ್ಟೆ.

ಯೋಚನೆ ಮಾಡಿ. ದೇಶ ಅವಳದು, ಹಿತ್ತಿಲಿರುವ ಮನೆ ಅವಳದು, ಹಿಮದಲ್ಲಿ ನಿಂತ ಫೋಟೋ ಅವಳದು. ಚಳಿ ಮಾತ್ರ ನನಗೆ. ಎರಡು ಚಳಿಗಾಲ ಹೀಗೇ ಹೊಟ್ಟೆ ಉರಿದುಕೊಂಡು, ಕೈ ಮರಗಟ್ಟಿಸಿಕೊಂಡು ಕಳೆದೆ. ಆದರೂ ಕೆನಡಾದಿಂದ ನನ್ನ ಪಾಲಿಗೆ ಬಂದದ್ದು ಅದೊಂದೇ. ಬಾಂಗ್ ಆಗುವ ಹೊತ್ತಿಗೆ ನಾನು ಕೆಲಸ ಬದಿಗಿಟ್ಟು ಕೈ ಮೇಜಿನ ಮೇಲಿಟ್ಟುಕೊಂಡು ಕಾಯುತ್ತಿದ್ದೆ.

ಮೂರನೆಯ ಡಿಸೆಂಬರಿನಲ್ಲಿ ಚಳಿ ಬರಲಿಲ್ಲ. ಒಂದು ವಾರ ಕಾದೆ, ಆಮೇಲೆ ತಡೆಯಲಾರದೆ ನಾನೇ ಫೋನು ಮಾಡಿ ಕೋಟಿನ ಸುದ್ದಿ ತೆಗೆದೆ.

"ಆ ಹಳೇದಾ? ಚರ್ಚಲ್ಲಿ ಕೊಟ್ಟೆ, ಖಲಾಸ್. ಹೊಸದಾಗಿ ಬಂದ ಒಂದು ಹುಡುಗಿ ತಗೊಂಡ್ಳು. ತೋಳು ಗಿಡ್ಡ ಆಯ್ತಂತೆ, ಹೊಲಿಗೆ ಬಿಚ್ಚಿಸಿ ಉದ್ದ ಮಾಡಿಸಿದ್ಳು. ಈಗ ಹೊಸ ಕೋಟಲ್ಲಿ ಎಂತ ಚಳಿ ಗೊತ್ತುಂಟಾ ನಂಗೆ!"

"ನನಗ ಒಂದ ಮಾತು ಕೇಳಬೇಕಿತ್ತಲ್ಲ" ಎಂದೆ.

"ದುಬೈಯಲ್ಲಿ ನಿಂಗೆ ಕೋಟು ಎಂತಕ್ಕೆ?" ಎಂದು ಅವಳು ನಕ್ಕಳು.

ಅದೇನು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಬೆರಳುಗಳು ಈಗ ಬೆಚ್ಚಗಿವೆ, ಕಾರ್ಡು ಜಾರುವುದಿಲ್ಲ, ಕೆನಡಾದ ಮಾತು ನಾವು ಬಿಟ್ಟಿದ್ದೇವೆ. ಆದರೆ ಡಿಸೆಂಬರಿನ ಸಂಜೆ ಬಾಂಗ್ ಕೇಳಿದರೆ ಕೈ ತಾನಾಗಿ ಮೇಜಿನ ಮೇಲೆ ಬರುತ್ತದೆ. ನನ್ನ ಅಳತೆಯ ಹೊಲಿಗೆ ಬಿಚ್ಚಿಸಿದ, ಹೆಸರೂ ಗೊತ್ತಿಲ್ಲದ ಆ ಹುಡುಗಿಯ ಮೇಲೆ ನನಗೆ ಲವೀನಾಳ ಮೇಲೆ ಎಂದೂ ಆಗದಷ್ಟು ಹೊಟ್ಟೆಕಿಚ್ಚಾಗುತ್ತದೆ.