ಅವ್ವ ಕಾಲಿಡದ ಹುಳದ ಮನೆ

ನಿವೃತ್ತಿಯಾದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಇವತ್ತೂ ಸುಮ್ಮನೆ ಚನ್ನಪಟ್ಟಣದಲ್ಲಿ ಬಸ್ಸು ಹತ್ತಿದ್ದೆ. ಹೊಂಗನೂರಿನಲ್ಲಿ ನಿಂತಾಗ ಹಿಪ್ಪುನೇರಳೆ ಸೊಪ್ಪು, ರೇಷ್ಮೆಹುಳದ ಹಿಕ್ಕೆ ಬೆರೆತ ಹಸಿ ವಾಸನೆ ಕಿಟಕಿಯಿಂದ ನುಗ್ಗಿತು.

ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಯಾರ ಮನೆಯ ಹುಳ ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದರೂ, ಆಯ್ದು ಬಿದಿರಿನ ಚಂದ್ರಿಕೆಗೆ ಬಿಡಲು ಬೀದಿಯವರೆಲ್ಲ ಓಡುತ್ತಿದ್ದರು. ಎಲ್ಲರಿಗಿಂತ ಮುಂದೆ ನಮ್ಮವ್ವ. ಒಂದು ಸಲ ನಮ್ಮ ಹುಳಕ್ಕೇ ರೋಗ ಬಂದು, ಅಷ್ಟನ್ನೂ ಗುಂಡಿಗೆ ಸುರಿದೆವು. ರೋಗ ಬಂದ ಮನೆಯವರು ಬೇರೆಯವರ ಹುಳದ ಮನೆಗೆ ಕಾಲಿಡುವಂತಿಲ್ಲ. ಅದೇ ವಾರ ಎದುರುಮನೆ ಸಿದ್ದಮ್ಮನ ಹುಳ ಹಣ್ಣಾದವು. ಅವ್ವ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದಳು, ಗುಡಿಸಿದ್ದನ್ನೇ ಗುಡಿಸಿದಳು.

"ಒಸಿ ಕೂತ್ಕೊಳವ್ವ," ಅಂದೆ.

"ಕೂತ್ರೆ ಸತ್ತ ಹುಳಾನೇ ಕಣ್ಮುಂದೆ ಬತ್ತವೆ ಕಣ್ ಮಗ," ಅಂದವಳೇ ಒಳಗೆ ಹೋಗಿ ಒಲೆ ಹಚ್ಚಿದಳು.

ಹುಳ ಆಯುವವರಿಗೆಲ್ಲ ಮುದ್ದೆ, ಅವರೆಕಾಳು ಸಾರು ಮಾಡಿ, ಬೀದಿಯ ನಡುವೆ ಇಟ್ಟು ಕೂಗಿದಳು: "ಸಿದ್ದಮ್ಮಾ, ಇಲ್ಲೇ ಮಡಗಿವ್ನಿ. ನಾನು ಅತ್ತಾಗೆ ಬರಕಿಲ್ಲ."

ಸಿದ್ದಮ್ಮ ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀನಿಲ್ದೆ ನಮ್ ಕೈಯೇ ಓಡ್ತಿಲ್ಲ ಕಣಕ್ಕ."

ಆಮೇಲೆಯೇ ಅವ್ವ ಕೂತಿದ್ದು.

ನಾನು ಹೊಂಗನೂರಿನಲ್ಲೇ ಬಸ್ಸಿಳಿದುಬಿಟ್ಟೆ. ವಾಸನೆ ಹಿಡಿದು ಹೋದ ಮನೆಯಲ್ಲಿ ಹೆಂಗಸೊಬ್ಬಳು ಒಬ್ಬಳೇ ಅವಸರದಲ್ಲಿ ಹಣ್ಣು ಹುಳ ಆಯುತ್ತಿದ್ದಳು.

"ಯಾರು ಬೇಕಿತ್ತಮ್ಮಾ?"

"ಯಾರೂ ಬೇಡ ಕಣವ್ವ. ನಾನೂ ಒಸಿ ಆಯ್ಲಾ?"

ಅವಳು ನನ್ನನ್ನೇ ಒಂದು ಗಳಿಗೆ ನೋಡಿ, ಬಾಗಿಲ ಬಳಿಯ ನೀರಿನ ಬಕೆಟ್ಟಿನ ಕಡೆ ಕೈ ತೋರಿದಳು.

"ಕಾಲ್ ತೊಳ್ಕೊಂಡ್ ಬನ್ನಿ."