ಹಂಡೆಯ ಮೊದಲ ನೀರಿಗಾಗಿ ಒಂದು ಕಾರ್ ರೇಸು

ಬಿಚ್ಚಿ ಮತ್ತೆ ಜೋಡಿಸಿದ ಯಾವುದೇ ಯಂತ್ರದಿಂದ ಕೊನೆಗೊಂದು ಸ್ಕ್ರೂ ಮಿಕ್ಕಿಯೇ ಮಿಕ್ಕುತ್ತದೆ ಎಂಬುದನ್ನು ನೀವೂ ಗಮನಿಸಿರಬಹುದು. ಎಷ್ಟು ಜಾಗರೂಕತೆಯಿಂದ ಬಿಚ್ಚಿದರೂ, ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಂಡರೂ, ಎಲ್ಲವನ್ನೂ ಬಿಗಿದು ಮುಚ್ಚಳ ಹಾಕಿ ಕೈ ಒರೆಸಿಕೊಳ್ಳುವ ಹೊತ್ತಿಗೆ ಮೇಜಿನ ಮೇಲೆ ಒಂದು ಪುಟಾಣಿ ಸ್ಕ್ರೂ, ಮದುವೆ ಮುಗಿದು ನೆಂಟರೆಲ್ಲ ಹೊರಟ ಮೇಲೂ ಉಳಿದುಕೊಂಡ ದೂರದ ಚಿಕ್ಕಪ್ಪನ ಹಾಗೆ, ನಿರಾತಂಕವಾಗಿ ಮಲಗಿರುತ್ತದೆ. ಅದಿಲ್ಲದೆಯೂ ಯಂತ್ರ ನಡೆಯುತ್ತದೆ. ಹಾಗಾದರೆ ಕಾರ್ಖಾನೆಯವನು ಅದನ್ನು ಹಾಕಿದ್ದಾದರೂ ಏಕೆ ಎಂಬ ತಾತ್ತ್ವಿಕ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಅಂಥ ಸ್ಕ್ರೂಗಳು ಒಂದು ಉಪ್ಪಿನಕಾಯಿ ಜಾಡಿಯ ತುಂಬ ಇವೆ.

ನಾನು ಕೊಳ್ಳೇಗಾಲದ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ತಲೆ ನರೆತಿದೆ, ಕನ್ನಡಕದ ನಂಬರು ಏರಿದೆ. ಇಂಥವನು ಸಂಜೆಯ ಹೊತ್ತು ಕಂಪ್ಯೂಟರಿನ ಮುಂದೆ ಕುಳಿತು ಕಾರು ಓಡಿಸುತ್ತಾನೆ, ಕೋಟೆ ಹಿಡಿಯುತ್ತಾನೆ, ರಾಕ್ಷಸರನ್ನು ಸಂಹರಿಸುತ್ತಾನೆ ಎಂದರೆ ನೀವು ನಗುತ್ತೀರಿ. ನಗಬೇಡಿ, ಏಕೆಂದರೆ ಅದು ಸುಳ್ಳು. ನಾನು ಆಡುವುದು ಅಪರೂಪ. ಆಡಲು ಯಂತ್ರವನ್ನು ಸಜ್ಜುಗೊಳಿಸುವುದರಲ್ಲೇ ನನ್ನ ಆಯುಷ್ಯ ಸಾಗುತ್ತಿದೆ. ಹೊಸ ಆಟವೊಂದು ಬಂದಾಗ ಚಿತ್ರಗಳು ತಡವರಿಸಿದವೆಂದು ಒಮ್ಮೆ ಗ್ರಾಫಿಕ್ಸ್ ಕಾರ್ಡು ಬದಲಿಸಿದೆ. ಆ ಕಾರ್ಡಿನ ಹಸಿವಿಗೆ ಹಳೆಯ ಪವರ್ ಸಪ್ಲೈ ಸಾಲದೆಂದು ಅದನ್ನೂ ಬದಲಿಸಿದೆ. ಎರಡೂ ದಪ್ಪವಾದ್ದರಿಂದ ಡಬ್ಬ ಚಿಕ್ಕದಾಯಿತು. ಎರಡು ಬದಿಗೂ ಗಾಜು, ನೆತ್ತಿಯಲ್ಲಿ ಜಾಲರಿ, ಒಳಗೆಲ್ಲ ಬಣ್ಣದ ದೀಪಗಳಿರುವ ದೊಡ್ಡ ಡಬ್ಬ ತಂದೆ. ಆ ಡಬ್ಬ ಮೇಜಿನ ಮೇಲೆ ಹಿಡಿಯಲಿಲ್ಲವೆಂದು ಮೇಜು ಬದಲಾಯಿತು. ಮೇಜು ಬಾಗಿಲಲ್ಲಿ ಹಿಡಿಯಲಿಲ್ಲವೆಂದು ಬಡಗಿಯನ್ನು ಕರೆಸಿದೆ. ಬಡಗಿ ಬಾಗಿಲ ಚೌಕಟ್ಟು ಕೀಳುವುದನ್ನು ನೋಡುತ್ತ ನಿಂತಿದ್ದ ನನ್ನ ಹೆಂಡತಿ ಸುಮಾ, “ಎಲ್ಲಾ ಬದ್ಲಾಯಿಸಿದ್ದಾಯ್ತಲ್ಲ, ಇನ್ನ ನಾನೊಬ್ಳು ಉಳ್ಕಂಡಿವ್ನಿ, ನೋಡ್ರಿ” ಎಂದಳು. ನಾನು ಬುದ್ಧಿವಂತನಾದ್ದರಿಂದ ಬಡಗಿಗೆ ಸುತ್ತಿಗೆ ಎತ್ತಿಕೊಟ್ಟೆ.

ಇಷ್ಟರಲ್ಲೇ ನನ್ನ ಬಾಳು ಸುಖವಾಗಿ ಸಾಗುತ್ತಿತ್ತು, ಭಗವಂತ ನನಗೊಬ್ಬ ಷಡ್ಡಕನನ್ನು ಕರುಣಿಸದಿದ್ದರೆ. ಹೆಂಡತಿಯ ತಂಗಿಯ ಗಂಡನೆಂಬ ಈ ಸಂಬಂಧವಿದೆಯಲ್ಲ, ಅದರಂಥ ವಿಚಿತ್ರ ಬಾಂಧವ್ಯ ಇನ್ನೊಂದಿಲ್ಲ. ಅಣ್ಣತಮ್ಮಂದಿರಲ್ಲ, ಗೆಳೆಯರಲ್ಲ, ಶತ್ರುಗಳೆಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಒಂದೇ ಅತ್ತೆಯ ಅಡಿಗೆಮನೆಯಿಂದ ಬರುವ ಹೋಳಿಗೆಗೆ ಇಬ್ಬರು ಹಕ್ಕುದಾರರು, ಅಷ್ಟೆ. ನನ್ನ ಷಡ್ಡಕ ಮಾದೇಶ ಹನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸರಳ ಜೀವಿ. ಆಟಕ್ಕೆ ಅವನಲ್ಲಿರುವುದು ಕನ್ಸೋಲು: ಟೀವಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ, ಕೈಯಲ್ಲಿ ಹಿಡಿಯುವ ಒಂದು ಗುಂಡಿಗಳ ಯಂತ್ರ, ಮುಗಿಯಿತು. ಅದನ್ನು ಬಿಚ್ಚುವ ಹಾಗಿಲ್ಲ, ಬದಲಿಸುವ ಹಾಗಿಲ್ಲ; ಕೊಟ್ಟದ್ದನ್ನು ಕೊಟ್ಟ ಹಾಗೆ ಉಣ್ಣಬೇಕು. ನಾನು ಅದನ್ನು ಮೆಸ್ಸಿನ ಊಟವೆಂದು ಹೀಯಾಳಿಸುತ್ತಿದ್ದೆ. ಅವನೋ, ನನ್ನ ಮನೆಗೆ ಬಂದಾಗಲೆಲ್ಲ ಗಾಜು ಕಳಚಿ ಕರುಳು ಹೊರಚೆಲ್ಲಿಕೊಂಡು ಮಲಗಿರುತ್ತಿದ್ದ ನನ್ನ ಯಂತ್ರವನ್ನು ಕರುಣೆಯಿಂದ ನೋಡಿ, “ಏನಣ್ಣಾ, ಯಾವಾಗ್ ಬಂದ್ರೂ ಒಟ್ಟೆ ಬಗದು ಮಲಗ್ಸಿರ್ತೀರಲ್ಲ, ಎದ್ದು ಓಡಾಡೋದು ಯಾವತ್ತು ಇದು?” ಎನ್ನುತ್ತಿದ್ದ. ಬಿಚ್ಚುವ ಸ್ವಾತಂತ್ರ್ಯ ದೊಡ್ಡದೋ ಆಡುವ ಸುಖ ದೊಡ್ಡದೋ ಎಂಬ ಈ ವಾದ ಹಬ್ಬಹಬ್ಬಕ್ಕೂ ಬೆಳೆಯಿತು.

ಇನ್ನು ಹಬ್ಬದ ವಿಷಯ. ನಮ್ಮ ಅತ್ತೆಮನೆ ಯಳಂದೂರಿನಲ್ಲಿದೆ. ದೀಪಾವಳಿಯ ನೀರು ತುಂಬುವ ಸಂಜೆ ಅಲ್ಲಿನ ಬಚ್ಚಲ ತಾಮ್ರದ ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ, ಕಂಠಕ್ಕೆ ಹಾಗಲಬಳ್ಳಿ ಸುತ್ತಿ, ವಿಭೂತಿ ಬಳಿದು ನೀರು ತುಂಬುತ್ತಾರೆ. ಬೆಳಗಿನ ಜಾವ ಒಲೆ ಹೊತ್ತಿಸಿ, ಅತ್ತೆ ಗರಿಕೆಯಲ್ಲಿ ಎಣ್ಣೆ ಅದ್ದಿ ಅಳಿಯನ ನೆತ್ತಿಗೆ ಮುಟ್ಟಿಸಿದ ಮೇಲೆ, ಆ ಹಂಡೆಯ ಮೊದಲ ನೀರು ಹಿರಿಯ ಅಳಿಯನಿಗೆ. ಹಿರಿಯ ಅಳಿಯನೆಂದರೆ ನಾನು. ಆ ಮೊದಲ ನೀರಿನ ಸುಖವನ್ನು ಹೇಗೆ ವರ್ಣಿಸಲಿ? ಸೌದೆಯ ಹೊಗೆಯ ಘಮ, ಮೈ ಕೆಂಪಾಗುವಂಥ ಬಿಸಿ, ಯಾರೂ ಬಾಗಿಲು ಬಡಿಯದ ನಿಶ್ಚಿಂತೆ. ನಾನು ಹೊರಬಂದ ಮೇಲೆ ಬಾವಿಯ ನೀರು ಬೆರೆಸಿ ಹಂಡೆಯನ್ನು ಮತ್ತೆ ತುಂಬುತ್ತಾರೆ, ಆಗ ಮಾದೇಶನ ಸರದಿ. ಅವನಿಗೆ ಈ ಕ್ರಮ ಮದುವೆಯಾದಂದಿನಿಂದಲೂ ಹಿಡಿಸಿರಲಿಲ್ಲ. ಹೋದ ದಸರೆಯಲ್ಲಿ ವಾದ ತಾರಕಕ್ಕೇರಿದಾಗ ಅವನು ಒಂದೇ ಮಾತು ಹೇಳಿದ: “ಅಣ್ಣಾ, ನಿಮ್ ಯಂತ್ರ ನೀವ್ ತಕಂಡ್ ಬನ್ನಿ, ನಂದು ನಾನ್ ತರ್ತೀನಿ. ಒಂದೇ ಕಾರ್ ರೇಸು. ಗೆದ್ದೋರ್ಗೆ ಮೊದ್ಲ್ನೀರು.” ಎಲ್ಲರ ಎದುರಿಗೆ ಹೇಳಿದನಾದ್ದರಿಂದ ಒಪ್ಪದೆ ಗತಿಯಿರಲಿಲ್ಲ. ಸೋತರೆ ಹಿರಿಯ ಅಳಿಯನೆಂಬ ಪಟ್ಟ ಹೆಸರಿಗಷ್ಟೇ ಉಳಿದು ಅದರ ಬಿಸಿಯೆಲ್ಲ ಹನೂರಿನ ಪಾಲಾಗುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೊಳ್ಳೇಗಾಲದಿಂದ ಯಳಂದೂರು ದೂರವೇನಲ್ಲ, ಆದರೆ ಗಾಜಿನ ಯಂತ್ರದೊಂದಿಗೆ ಹೊರಟವನಿಗೆ ರಸ್ತೆಯ ಪ್ರತಿಯೊಂದು ಹಂಪೂ ಪರ್ವತವೇ. ಯಂತ್ರವನ್ನು ರೇಷ್ಮೆ ಸೀರೆಯ ಪೆಟ್ಟಿಗೆಯ ರಟ್ಟಿನಿಂದ ಸುತ್ತಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದೆ. ಸುಮಾ ಹಿಂದೆ ಕುಳಿತಳು. ಮಾದೇಶ ಮಾತ್ರ ಗೊಬ್ಬರದ ಕಂಪನಿ ಕೊಟ್ಟ ಬಟ್ಟೆಯ ಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣುಗಳ ನಡುವೆ ಕನ್ಸೋಲನ್ನು ತುರುಕಿಕೊಂಡು ಹೆಂಡತಿಯೊಂದಿಗೆ ಬಸ್ಸಿನಲ್ಲಿ ಬಂದಿಳಿದ. ಆ ಉಡಾಫೆ ಕಂಡು ನನ್ನ ಹೊಟ್ಟೆ ಉರಿಯಿತು.

ಸಂಜೆ ನಡುಮನೆಯಲ್ಲಿ ನನ್ನ ಯಂತ್ರವನ್ನು ಪ್ರತಿಷ್ಠಾಪಿಸಿ ಗುಂಡಿ ಒತ್ತಿದೆ. ಒಳಗಿನ ದೀಪಗಳು ನೀಲಿ, ಹಸಿರು, ಗುಲಾಬಿಯಾಗಿ ಉಸಿರಾಡತೊಡಗಿದವು. ಅಷ್ಟರಲ್ಲಿ ಅತ್ತೆ ಗೌರಮ್ಮನವರು ಬಚ್ಚಲ ಹಂಡೆಗೆ ಪೂಜೆ ಮುಗಿಸಿ ಆರತಿ ತಟ್ಟೆ ಹಿಡಿದು ಈ ಕಡೆ ಬಂದರು. “ಅಯ್ಯೋ ಶಿವನೇ, ಎಂಗ್ ಮಿಣಮಿಣ ಅಂತದೆ ನೋಡವ್ವಾ, ದೇವ್ರಮಂಟಪ ಇದ್ದಂಗದೆ!” ಎಂದವರೇ, ಅಳಿಯ ಪ್ರೀತಿಯಿಂದ ಹೊತ್ತು ತಂದದ್ದೆಂಬ ಅಭಿಮಾನದಿಂದ ಅದಕ್ಕೂ ಆರತಿ ಎತ್ತಿ, ಚೆನ್ನಾಗಿರಲೆಂದು ತುಂಬು ಮನಸ್ಸಿನಿಂದ ಒಂದು ಹಿಡಿ ಅಕ್ಷತೆಯನ್ನು ನೆತ್ತಿಯ ಮೇಲೆ ಹಾಕಿದರು. ನೆತ್ತಿಯಲ್ಲಿ ಜಾಲರಿಯಿದೆ ಎಂದು ಮೊದಲೇ ಹೇಳಿದ್ದೇನೆ. ಜಾಲರಿಯ ಕೆಳಗೆ ಫ್ಯಾನುಗಳಿವೆ. ಮುಂದಿನ ಕ್ಷಣ ನನ್ನ ಯಂತ್ರ ಬತ್ತದ ಮಿಲ್ಲಿನಂತೆ ಟರಟರನೆ ಸದ್ದು ಮಾಡಿತು. ಅರಿಸಿನದ ಅಕ್ಕಿ ಕಾಳುಗಳು ಗಾಜಿನೊಳಗೆ ಬಣ್ಣಬಣ್ಣದ ಬೆಳಕಿನಲ್ಲಿ ಹಾರಾಡಿದವು. ನಾನು ಬಿದ್ದೆನೋ ಎದ್ದೆನೋ ಎಂದು ಓಡಿ ಪ್ಲಗ್ಗು ಕಿತ್ತೆ. “ಏನಾಯ್ತು ಅಳಿಯಂದ್ರೇ?” ಎಂದು ಅತ್ತೆ ಗಾಬರಿಯಾದರು. ಅಷ್ಟು ಪ್ರೀತಿಯಿಂದ ಹರಸಿದವರಿಗೆ ಏನೆಂದು ಹೇಳಲಿ? “ಏನಿಲ್ಲ ಅತ್ತೆ, ದೂಳು” ಎಂದೆ. ಸುಮಾ ಸೆರಗು ಬಾಯಿಗೆ ಅಡ್ಡ ಹಿಡಿದು ಅಡಿಗೆಮನೆಗೆ ಓಡಿದಳು. ಅಲ್ಲಿಂದ ಅಕ್ಕತಂಗಿಯರ ನಗು ಬಹಳ ಹೊತ್ತು ಕೇಳಿಸಿತು.

ಮಾದೇಶನ ಮುಖ ಊರಗಲವಾಯಿತು. “ನೋಡಣ್ಣಾ, ನಮ್ದು ಇಂಗ್ ಸಿಕ್ಸು, ಇಂಗ್ ಆಡು” ಎನ್ನುತ್ತ ಕನ್ಸೋಲನ್ನು ಟೀವಿಗೆ ಸಿಕ್ಕಿಸಿದ. ಕನ್ಸೋಲು ಅತ್ಯಂತ ವಿನಯದಿಂದ, ಆಟಕ್ಕೆ ಹೊಸ ಅಪ್‌ಡೇಟ್ ಬಂದಿದೆಯೆಂದೂ, ಅದನ್ನು ಇಳಿಸಿಕೊಳ್ಳದೆ ತಾನು ಏನನ್ನೂ ಆಡಗೊಡುವುದಿಲ್ಲವೆಂದೂ ತಿಳಿಸಿತು. ಅತ್ತೆಮನೆಯಲ್ಲಿ ಇಂಟರ್ನೆಟ್ಟೆಂದರೆ ಫೋನಿನದು, ಫೋನಿಗೆ ಸಿಗ್ನಲ್ಲೆಂದರೆ ಹಿತ್ತಿಲ ನುಗ್ಗೆಮರದ ಹತ್ತಿರ. ನನ್ನ ಷಡ್ಡಕ ಫೋನನ್ನು ತೆಂಗಿನಕಾಯಿಯ ಅದೇ ಚೀಲದಲ್ಲಿ ಹಾಕಿ ಕೊಂಬೆಗೆ ನೇತುಬಿಟ್ಟು, ಟೀವಿಯ ಮೇಲೆ ಇಂಚಿಂಚಾಗಿ ತೆವಳುವ ಗೆರೆಯನ್ನು ನೋಡುತ್ತ ಕುಳಿತ. ನಾನು ಅತ್ತೆಯ ಮೊರವನ್ನು ಬೇಡಿ ತಂದು, ಅದರಲ್ಲಿ ನನ್ನ ಯಂತ್ರದ ಅಂಗಾಂಗಗಳನ್ನು ಹರಡಿಕೊಂಡು, ಸುಮಾಳ ಹುಬ್ಬು ಕೀಳುವ ಚಿಮುಟದಿಂದ ಗ್ರಾಫಿಕ್ಸ್ ಕಾರ್ಡಿನ ರೆಕ್ಕೆಗಳ ಸಂದಿಯಿಂದ ಅಕ್ಕಿ ಆರಿಸತೊಡಗಿದೆ. ನಮ್ಮಿಬ್ಬರ ಸ್ಥಿತಿ ಆಗ ಒಂದೇ ಆಗಿತ್ತು. ಬಿಚ್ಚಬಲ್ಲವನು ಬಿಚ್ಚಿಕೊಂಡು ಕುಳಿತಿದ್ದ, ಬಿಚ್ಚಲಾಗದವನು ಸುಮ್ಮನೆ ಕುಳಿತಿದ್ದ. ಆಟ ಮಾತ್ರ ಇಬ್ಬರಿಗೂ ಇರಲಿಲ್ಲ. ಮಾವ ಮಹದೇವಪ್ಪನವರು ಹೆಗಲ ಮೇಲೆ ಟವೆಲು ಹಾಕಿಕೊಂಡು ಜಗಲಿಯಿಂದ ಒಮ್ಮೆ ಇಣುಕಿ, ಇಬ್ಬರನ್ನೂ ನೋಡಿ, ಏನೂ ಹೇಳದೆ ಮಲಗಲು ಹೋದರು. ಮಾವ ಮೊದಲಿನಿಂದಲೂ ಮಿತಭಾಷಿ.

ನಾವೂ ಸೋತು ಮಲಗಿದೆವು. ಬೆಳಗಿನ ಜಾವ ಎದ್ದು ಮುಖ ಕೂಡ ತೊಳೆಯದೆ ಇಬ್ಬರೂ ನಡುಮನೆಗೆ ಓಡಿದೆವು. ಬಚ್ಚಲ ಕಡೆಯಿಂದ ಸೌದೆಯ ಹೊಗೆ ತೇಲಿ ಬರುತ್ತಿತ್ತು, ಹಂಡೆ ಕಾಯುತ್ತಿತ್ತು. ಗೆರೆ ಕೊನೆ ಮುಟ್ಟಿತ್ತು. ನನ್ನ ಯಂತ್ರವೂ, ಮೆಮೊರಿಯ ಪಟ್ಟಿಯನ್ನು ಇನ್ನೊಮ್ಮೆ ಅದುಮಿ ಕೂರಿಸಿದ ಕೂಡಲೇ, ಯಾವುದೋ ಜನ್ಮದ ಪುಣ್ಯವೆಂಬಂತೆ ಕಣ್ಣು ತೆರೆಯಿತು. ಅತ್ತ ಟೀವಿಯಲ್ಲಿ ಅವನ ಕಾರು, ಇತ್ತ ಮಾನಿಟರಿನಲ್ಲಿ ನನ್ನ ಕಾರು, ಎರಡೂ ಒಂದೇ ರಸ್ತೆಯ ತುದಿಯಲ್ಲಿ ಗುರುಗುಟ್ಟುತ್ತ ನಿಂತವು. “ಅಣ್ಣಾ, ರೆಡಿನಾ?” ಎಂದ ಮಾದೇಶ. ನಾನು ಶಿವಸ್ಮರಣೆ ಮಾಡಿ ಬೆರಳುಗಳನ್ನು ಚಾಚಿದೆ.

ಆಗ ಬಚ್ಚಲಿನಿಂದ ಸಳಸಳನೆ ನೀರು ಸುರಿಯುವ ಸದ್ದು ಕೇಳಿಸಿತು.

ಇಬ್ಬರೂ ದಿಗಿಲಿನಿಂದ ಮುಖ ಮುಖ ನೋಡಿಕೊಂಡು ಓಡಿದೆವು. ಬಚ್ಚಲ ಬಾಗಿಲು ಹಾಕಿತ್ತು. ಒಳಗಿನಿಂದ ಅತ್ತೆಯ ಧ್ವನಿ, “ಕಣ್ ಮುಚ್ಕಳಿ ಅಂದ್ರೆ, ಸೀಗೇಕಾಯಿ ಬೀಳ್ತದೆ” ಎಂದು ಗದರಿತು. ಗದರಿ, ಅದೇ ಧ್ವನಿ ಕಿಲಕಿಲನೆ ನಕ್ಕಿತು. ಅತ್ತೆ ಹಾಗೆ ನಕ್ಕಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಮಾದೇಶ ತಡೆಯಲಾರದೆ, “ಯಾರು ಒಳಗೆ?” ಎಂದು ಕೂಗಿದ.

“ನಾನು ಕಣಪ್ಪ” ಎಂದರು ಮಾವ. “ನೀವಿಬ್ರೂ ಕೆಲ್ಸದಲ್ಲಿದ್ರಲ್ಲ, ಹಂಡೆ ಕುದೀತಿತ್ತು. ನಿಮ್ ಅತ್ತೆಗೆ ಅಂದೆ, ಅಳಿಯಂದ್ರು ಬಂದಾಗ್ಲಿಂದ ಮೂರ್ನೇ ನೀರೇ ಆಗೋಯ್ತು ನಂಗೆ, ಇವತ್ತೊಂದಿನ ಮೊದ್ಲ್ನೀರು ಎಂಗಿರ್ತದೆ ನೋಡ್ಬುಡ್ತೀನಿ ಅಂತ.”

ಹಿರಿಯ ಅಳಿಯನೂ ಕಿರಿಯ ಅಳಿಯನೂ ಮುಚ್ಚಿದ ಬಾಗಿಲ ಮುಂದೆ ಸಾಲಾಗಿ ನಿಂತೆವು. ಕಡೆಗೆ ನಾನೇ, “ಹೇಗಿದೆ ಮಾವ?” ಎಂದೆ. ಅವರು, “ಇನ್ನೊಂದ್ ಚೊಂಬು ಉಯ್ಯೇ ಗೌರಿ” ಎಂದರು ಹೆಂಡತಿಗೆ.

ಎರಡನೆಯ ನೀರಿಗೆ ನಾನು ಮಾದೇಶನನ್ನು ಬಲವಂತವಾಗಿ ಕಳಿಸಿದೆ. ಅವನು ನನ್ನ ದೊಡ್ಡತನಕ್ಕೆ ಕರಗಿ ಕಣ್ಣು ತೇವ ಮಾಡಿಕೊಂಡು ಹೋದ. ದೊಡ್ಡತನವೇನೂ ಇರಲಿಲ್ಲ, ನಿಮ್ಮಲ್ಲಿ ಮುಚ್ಚುಮರೆ ಏಕೆ? ಅವನು ಬಚ್ಚಲಲ್ಲಿರುವಾಗ ನಾನು ನಡುಮನೆಗೆ ನುಸುಳಿ, ಎದುರಾಳಿಯಿಲ್ಲದ ಆ ರಸ್ತೆಯಲ್ಲಿ ಕಾರು ಬಿಟ್ಟು, ಅತ್ಯಂತ ನ್ಯಾಯಯುತವಾಗಿ ಗೆದ್ದೆ. ಕಂಪ್ಯೂಟರೇ ಮೇಲೆಂದು ಸಿದ್ಧವಾಯಿತು. ಆ ವಿಜಯೋತ್ಸಾಹದಲ್ಲೇ ಬಚ್ಚಲಿಗೆ ಹೋಗಿ, ಅತ್ತೆಯಿಂದ ನೆತ್ತಿಗೆ ಎಣ್ಣೆ ಮುಟ್ಟಿಸಿಕೊಂಡು, ಬಾಗಿಲು ಹಾಕಿ, ಹಂಡೆಯಿಂದ ಒಂದು ಚೊಂಬು ನೀರು ಮೊಗೆದು ತಲೆಯ ಮೇಲೆ ಸುರಿದುಕೊಂಡೆ. ಮೈ ಜುಮ್ಮೆಂದು ನಡುಗಿತು. ಮೂರನೆಯ ನೀರು ಇಷ್ಟು ತಣ್ಣಗಿರುತ್ತದೆಂದು ಮಾವ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ.