ಬೆನ್ನ ಹಿಂದಿನ ದನಿ

ದೆವ್ವ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದ ಆಸಾಮಿ ನಾನು. ಈಗಲೂ ಅಂಥವರ ಪಕ್ಕ ಕೂರಲು ಬೇಸರವೇ. ಆದರೂ ಇದೊಂದನ್ನು ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆದವಾನಿ ಆಂಧ್ರಕ್ಕೆ ಸೇರಿದ ಹೊಸತು. ನನ್ನ ಅಕ್ಕನ ಗಂಡ ಅಲ್ಲಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಫಿಟ್ಟರ್. ಅಕ್ಕನಿಗೆ ಕಿವಿ ಕೇಳುತ್ತಿತ್ತು, ಆದರೆ ಹುಟ್ಟಿನಿಂದಲೇ ಮಾತು ಬಾರದು. ಅಳುವಾಗಲೂ ದನಿ ಹೊರಡುತ್ತಿರಲಿಲ್ಲ. ಭಾವನಿಗೆ ಹೆಂಡತಿಯನ್ನು ಬಿಟ್ಟರೆ ವಿಮಾನದ ಹುಚ್ಚು. ಬಿದಿರು, ಗಂಜಿ ಹಾಕಿದ ಬಟ್ಟೆ, ಹಳೆಯ ಮೋಟರ್ ಸೈಕಲ್ಲಿನ ಎಂಜಿನ್ನು ಸೇರಿಸಿ ಒಬ್ಬರು ಕೂರುವಂಥದ್ದೊಂದನ್ನು ಕಟ್ಟಿದ್ದರು. ಫ್ಯಾನು ಮುಂದಿರದೆ ಕೂತವನ ಬೆನ್ನ ಹಿಂದಿತ್ತು. ಅದು ಹಿಂದಿನಿಂದ ನೂಕಬೇಕು ಎಂಬುದು ಅವರ ಲೆಕ್ಕ. ಮೂಗು ತಂದು ಬೆನ್ನಿಗೆ ಇಟ್ಟಾನ ಎಂದು ಕಾರ್ಖಾನೆಯವರು ನಗುತ್ತಿದ್ದರು.

ಚಾಲೂ ಮಾಡುವಾಗ ನಾನು ಸೀಟಿನಲ್ಲಿ ಕೂರುತ್ತಿದ್ದೆ. ಭಾವ ಹಿಂದೆ ನಿಂತು "ಹಾಕು" ಎಂದಾಗ ನಾನು ಸ್ವಿಚ್ಚು ಹಾಕಬೇಕು, ಅವರು ಫ್ಯಾನು ತಿರುವಬೇಕು. ಹಿಂದೆ ಏನಾಗುತ್ತಿದೆಯೋ ನನಗೆ ಕಾಣುತ್ತಿರಲಿಲ್ಲ, ಕಿವಿಯನ್ನೇ ನಂಬಬೇಕಿತ್ತು.

ಅಂದು ಮಧ್ಯಾಹ್ನ ಪತ್ತಿಕೊಂಡದ ದಾರಿಯ ಎರೆಹೊಲದಲ್ಲಿ ನಾವಿಬ್ಬರೇ ಇದ್ದೆವು. ಎಂಜಿನ್ನು ಒಮ್ಮೆ ಓಡಿ, ಕಾದು, ನಿಂತಿತ್ತು. ಗಾಳಿ ಜೋರಾಗಿತ್ತು. ಭಾವ "ಹಾಕು" ಎಂದರು. ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಕಿವಿಯ ಹತ್ತಿರವೇ ಹೆಣ್ಣಿನ ದನಿ ಕೇಳಿತು.

"ತಮ್ಮಾ, ತಡಿ."

ಅದು ಅಕ್ಕನ ದನಿ. ಎಂದೂ ಕೇಳದಿದ್ದರೂ ಅವಳದೇ ಎಂದು ಆ ಕ್ಷಣಕ್ಕೇ ತಿಳಿಯಿತು. ಕೈ ತೆಗೆದು ತಿರುಗಿ ನೋಡಿದೆ. ಭಾವನ ಹೆಗಲ ಮೇಲಿನ ಟವೆಲು ಗಾಳಿಗೆ ಹಾರಿ ಫ್ಯಾನಿಗೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ತಲೆಯನ್ನೂ ತೋಳನ್ನೂ ಫ್ಯಾನಿನ ರೆಕ್ಕೆಗಳ ನಡುವೆ ತೂರಿಸಿದ್ದರು. ಸ್ವಿಚ್ಚು ಬಿದ್ದಿದ್ದರೆ ಅವರು ಟವೆಲು ಎಳೆದಷ್ಟಕ್ಕೇ ಫ್ಯಾನು ತಿರುಗಿ, ಕಾದ ಎಂಜಿನ್ನು ಚಾಲೂ ಆಗಿಬಿಡುತ್ತಿತ್ತು. ಬ್ಯಾಡ ಬ್ಯಾಡ ಎಂದು ಅವರೂ ಕೂಗಿದ್ದರಂತೆ, ಗಾಳಿಯಲ್ಲಿ ನನಗೆ ಕೇಳಿರಲಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರವೂ ಇನ್ನೊಬ್ಬರಿರಲಿಲ್ಲ. ಇಳಿದು ಓಡಿ ಭಾವನನ್ನು ಹೊರಗೆಳೆದೆ.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಗಂಟಲು ಮುಟ್ಟಿಕೊಂಡು ಒಳಗೆ ಹೋದಳು.

ಭಾವ ವಿಮಾನವನ್ನು ಬಿಚ್ಚಿಹಾಕಿದರು. ಅಕ್ಕ ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ, ನಾನು ಹೋದಾಗಲೆಲ್ಲ ಪಕ್ಕಕ್ಕೆ ಕರೆದು ಒಂದೇ ಮಾತು ಕೇಳುತ್ತಿದ್ದರು.

"ಆಕಿ ದನಿ ಹೆಂಗಿತ್ತು, ಹೇಳು."

ಅಷ್ಟು ವರ್ಷ ಬಾಳಿದ ಗಂಡನಿಗೆ ಕೇಳದ ದನಿ ನನಗೇಕೆ ಕೇಳಿತೋ, ಇವತ್ತಿಗೂ ತಿಳಿದಿಲ್ಲ.